ನಾಟಿಯ ಗದ್ದೆಯೂ ತಾಯಂದಿರ ಬೆನ್ನೂ



ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ಮಳೆಗಾಲದಲ್ಲಿ ಮಂಡ್ಯ, ಮದ್ದೂರುಗಳ ಬಯಲನ್ನು ಕಂಡು ಸಂತೋಷಪಡದೆ ಇರಲಾರರು. ನೀರು ನಿಂತ ಗದ್ದೆ. ಅದರಲ್ಲಿ ಸಾಲಾಗಿ ಬಾಗಿ ಪೈರು ನೆಡುತ್ತಿರುವ ಹೆಂಗಸರು. ದೂರಕ್ಕೆ ಇದೊಂದು ಚಿತ್ರ. ಆ ಬೆನ್ನುಗಳು ಸಂಜೆ ಮನೆಗೆ ಹೋದಮೇಲೂ ನೆಟ್ಟಗಾಗುವುದು ಕಷ್ಟವೆಂಬ ಸಂಗತಿ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮಕ್ಕಳನ್ನು ಹೆರುವ ವಯಸ್ಸಿನ, ಎಂದರೆ 15ರಿಂದ 49 ವರ್ಷದೊಳಗಿನ, ಸ್ತ್ರೀಯರ ಮೂಳೆ, ಕೀಲು, ಮಾಂಸಖಂಡಗಳ ಬೇನೆಯೇ ಈ ಹೊತ್ತಿನ ವಿಷಯ.

ಮೊದಲು ಬೆನ್ನಿನ ಯಂತ್ರವನ್ನು ತಿಳಿಯೋಣ. ಬೆನ್ನನ್ನು ಎತ್ತಿ ಹಿಡಿಯುವ ಸ್ನಾಯುಗಳು ಬೆನ್ನುಮೂಳೆಗೆ ತೀರ ಸಮೀಪದಲ್ಲಿ, ಕೆಲವೇ ಅಂಗುಲಗಳ ಅಂತರದಲ್ಲಿ ಇವೆ. ಮುಂದಕ್ಕೆ ಬಾಗಿದಾಗ ತಲೆ, ತೋಳು, ಎದೆಗಳ ಭಾರವು ಅದರ ಹಲವು ಪಟ್ಟು ದೂರದಲ್ಲಿ ತೂಗುತ್ತದೆ. ಏತದ ಗಿಡ್ಡ ತುದಿಯನ್ನು ಹಿಡಿದು ಉದ್ದ ತುದಿಯ ಭಾರವನ್ನು ಎತ್ತಿದಂತೆ, ಸ್ನಾಯುಗಳು ಭಾರದ ಹಲವು ಪಟ್ಟು ಬಲದಿಂದ ಎಳೆಯಬೇಕಾಗುತ್ತದೆ. ಆ ಒತ್ತಡವೆಲ್ಲ ಸೊಂಟದ ಮಣಿಗಳ ನಡುವಣ ಮೆತ್ತೆಗಳ ಮೇಲೆ ಬೀಳುತ್ತದೆ. ತುಂಬಿದ ಬಿಂದಿಗೆಯನ್ನು ಮೈಗೆ ಒತ್ತಿಕೊಳ್ಳದೆ ದೂರ ಹಿಡಿದು ಎತ್ತಿದರೂ ಇದೇ ಫಲ.

ಗರ್ಭಿಣಿಯಲ್ಲಿ ಈ ಲೆಕ್ಕ ಇನ್ನೂ ಕಠಿಣವಾಗುತ್ತದೆ. ಹೊಟ್ಟೆ ಬೆಳೆದಂತೆ ದೇಹದ ಭಾರಕೇಂದ್ರ ಮುಂದಕ್ಕೆ ಸರಿಯುತ್ತದೆ. ಸೊಂಟದ ಕೀಲುಗಳನ್ನು ಕಟ್ಟಿದ ತಂತುಗಳು ಪ್ರಸವಕ್ಕೆ ಅನುಕೂಲವಾಗುವಂತೆ ಸಡಿಲವಾಗುತ್ತವೆ. ಗರ್ಭಿಣಿಯರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ಸೊಂಟನೋವು ಬರುವುದು ಇದರಿಂದ ಆಶ್ಚರ್ಯವಲ್ಲ. ಹೆರಿಗೆಯ ತರುವಾಯ ಹೊಟ್ಟೆಯ ಸ್ನಾಯುಗಳು ಬಲಗೊಳ್ಳುವ ಮೊದಲೇ ಮಗುವನ್ನೂ ನೀರನ್ನೂ ಹುಲ್ಲಿನ ಹೊರೆಯನ್ನೂ ಹೊರುವುದಾದರೆ ನೋವು ಬೇರೂರಿ ನಿಲ್ಲಬಹುದು.

ನಮ್ಮ ಸೀಮೆಯಲ್ಲಿ ಶ್ರಮದ ಸ್ವರೂಪವು ಮೂರು ಸಲ ಬದಲಾಯಿತೆನ್ನಬಹುದು. ನಾಲೆ ಬರುವ ಮುನ್ನ ಇದು ಬಹುಮಟ್ಟಿಗೆ ರಾಗಿಯ ನಾಡು; ಬೀಸುಕಲ್ಲು, ಒನಕೆ, ಬಾವಿಯ ಹಗ್ಗಗಳೇ ಹೆಂಗಸಿನ ಭಾರ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನೀರು ಈಗ ವಿಶ್ವೇಶ್ವರಯ್ಯ ನಾಲೆಯೆಂಬ ಕಾಲುವೆಯಲ್ಲಿ ಹರಿದು ಬಂದ ಮೇಲೆ, ಬತ್ತವೂ ಕಬ್ಬೂ ಬೆಳೆದವು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಸಂಪತ್ತು ಬಂದಿತು, ನಾಟಿ, ಕಳೆಗಳ ಬಾಗುವ ಕೆಲಸವೂ ಬೆಳೆಯಿತು. ಮಳವಳ್ಳಿಯ ಕಡೆ ಹಿಪ್ಪುನೇರಿಳೆ ಸೊಪ್ಪು ಕೊಯ್ದು ಹುಳುವಿಗೆ ಹಾಕುವ ದುಡಿಮೆ ಅದರೊಡನೆ ಸೇರಿತು. ಈಚೆಗೆ ಹಿಟ್ಟಿನ ಗಿರಣಿ, ನಲ್ಲಿ, ಅನಿಲದ ಒಲೆಗಳು ಹಳೆಯ ಭಾರವನ್ನು ಇಳಿಸಿವೆ. ಆದರೆ ಮದ್ದೂರಿನ ಬಳಿಯ ಗೆಜ್ಜಲಗೆರೆಯಂಥ ಕಡೆಗಳಲ್ಲಿ ಹೊಲಿಗೆಯ ಯಂತ್ರದ ಮುಂದೆ ಕತ್ತು ಬಗ್ಗಿಸಿ ದಿನವೆಲ್ಲ ಕೂರುವ ಹೊಸ ದುಡಿಮೆ ಬಂದಿದೆ. ಬಾಗುವ ಬೆನ್ನಿಗೆ ಬದಲಾಗಿ ಅಲುಗದ ಬೆನ್ನು!

ಊಟವೂ ಬದಲಾಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಬಿಳಿಯ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. ಮುದ್ದೆಯ ತಟ್ಟೆಯಲ್ಲಿ ಅನ್ನವೇ ತುಂಬಿದರೆ, ಹಸುಳೆಗೆ ಹಾಲೂಡುವ ತಾಯಿಯ ಮೂಳೆಗೆ ನಷ್ಟವೇ ಸರಿ. ಬಿಸಿಲು ಕಾಣದೆ ಒಳಗೇ ದುಡಿಯುವವರಿಗೆ ಡಿ ಜೀವಸತ್ವದ ಕೊರತೆಯೂ ಸೇರಬಹುದು.

ಲೋಕದ ಲೆಕ್ಕವೂ ಯೋಚಿಸತಕ್ಕದ್ದೇ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತೆಂದೂ, 2050ರ ವೇಳೆಗೆ ಅದು 84.3 ಕೋಟಿಗೆ ಏರಬಹುದೆಂದೂ 2023ರಲ್ಲಿ ಪ್ರಕಟವಾದ ಜಾಗತಿಕ ರೋಗಭಾರದ ಅಧ್ಯಯನ ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. 1990ರಿಂದೀಚೆಗೆ ವಯಸ್ಸಿನ ಅಂತರವನ್ನು ಸರಿದೂಗಿಸಿದ ಪ್ರಮಾಣವು ತುಸು ಇಳಿದರೂ, ಜನಸಂಖ್ಯೆ ಹೆಚ್ಚಿದ್ದರಿಂದ ನೋಯುವವರ ಸಂಖ್ಯೆ ಏರುತ್ತಲೇ ಇದೆ. ಈ ನೋವು ತರುವ ಅಂಗವೈಕಲ್ಯದ ಐದರಲ್ಲಿ ಸುಮಾರು ಎರಡು ಪಾಲಿಗೆ ದುಡಿಮೆಯ ರೀತಿ, ಧೂಮಪಾನ, ಅತಿ ಸ್ಥೂಲತೆಗಳೇ ಕಾರಣವೆಂದು ಅದೇ ಅಧ್ಯಯನ ಹೇಳುತ್ತದೆ. ಅಷ್ಟರಮಟ್ಟಿಗೆ ಇದು ಹಣೆಯ ಬರಹವಲ್ಲ, ತಪ್ಪಿಸಬಹುದಾದ ಕಷ್ಟ.

ಎಲ್ಲ ನೋವೂ ದುಡಿಮೆಯದಲ್ಲವೆಂಬುದನ್ನೂ ಮರೆಯಬಾರದು. ಬೆಳಿಗ್ಗೆ ಎದ್ದಾಗ ಬೆರಳ ಕೀಲುಗಳು ಊದಿ, ಅರ್ಧ ಗಂಟೆಗೂ ಹೆಚ್ಚು ಕಾಲ ಬಿಗಿದುಕೊಂಡಿದ್ದರೆ ಅದು ಕೀಲುವಾತದ ಸೂಚನೆಯಾಗಿರಬಹುದು. ಈ ರೋಗ ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಗರ್ಭಕಾಲದಲ್ಲಿ ತಗ್ಗಿ, ಹೆರಿಗೆಯಾದ ಮೇಲೆ ಕೆರಳುವುದೂ ಉಂಟು. ಬೇಗ ಚಿಕಿತ್ಸೆಯಾದರೆ ಕೀಲು ಉಳಿಯುತ್ತದೆ. ಸೊಂಟನೋವಿನೊಡನೆ ಕಾಲಿನ ಬಲಗುಂದುವಿಕೆ, ಮೂತ್ರದ ತೊಡಕು ಅಥವಾ ಜ್ವರ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಉಳಿದ ಉಪಾಯಗಳು ಸುಲಭ: ನಾಟಿಯ ನಡುವೆ ಆಗಾಗ್ಗೆ ನೆಟ್ಟಗೆ ನಿಲ್ಲುವುದು, ಭಾರವನ್ನು ಮೈಗೆ ಹತ್ತಿರ ಹಿಡಿದು ಮಂಡಿ ಬಗ್ಗಿಸಿ ಎತ್ತುವುದು, ಹೊಲಿಗೆಯವರಿಗೆ ತಕ್ಕ ಎತ್ತರದ, ಒರಗುವ ಪೀಠ, ಬಾಣಂತಿಗೆ ಕ್ರಮವಾದ ನಡಿಗೆ, ವ್ಯಾಯಾಮ. ಆದರೆ ಉಪದೇಶದಿಂದಲೇ ಎಲ್ಲವೂ ಆಗದು. 2017ರ ತಿದ್ದುಪಡಿ ಸಂಬಳದ ಹೆರಿಗೆ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿತು. ಗದ್ದೆಯ ಕೂಲಿಯವಳಿಗೆ ಅಂಥ ರಜೆಯನ್ನು ಕೊಡುವ ಯಜಮಾನನಾರು? ಬಾಣಂತನ ಮುಗಿಯುವ ಮುನ್ನವೇ ಹೊಟ್ಟೆಯ ಪಾಡು ಅವಳನ್ನು ಕೆಸರಿಗೆ ಎಳೆಯುತ್ತದೆ.

“ಹೆಂಗಸರಿಗೆ ಸೊಂಟನೋವು ಇದ್ದದ್ದೇ” ಎಂದು ನಾವು ಹೇಳುವಷ್ಟು ಕಾಲ ಅದು ಇದ್ದೇ ಇರುತ್ತದೆ. ನಮ್ಮ ಎಲೆಯ ಮೇಲಿನ ಅನ್ನವು ಯಾರದೋ ಬಾಗಿದ ಬೆನ್ನಿನಿಂದ ಬಂದದ್ದು. ಆ ಬೆನ್ನು ನೋಯುತ್ತಿದೆಯೆಂದು ಅವಳು ಹೇಳಿದಾಗ ನಂಬುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.