ತಲೆಯಾಡಿಸುವ ಬಸವ, ಚಿತ್ರ ಬರೆಯುವ ಆನೆ

ಬಸವನಗುಡಿ, ಚಾಮರಾಜಪೇಟೆಯ ಬೀದಿಗಳಲ್ಲಿ ಕೋಲೆ ಬಸವನನ್ನು ನೋಡದ ಹಳೆಯ ಬೆಂಗಳೂರಿಗರು ವಿರಳ. ‘ಈ ಮನೆಯ ಮಗು ಪರೀಕ್ಷೆಯಲ್ಲಿ ಪಾಸಾಗುತ್ತದೆಯೇ ಬಸವಣ್ಣ?’ ಎಂದು ಒಡೆಯ ಕೇಳಿದರೆ ಬಸವ ಹೌದೆಂದು ತಲೆಯಾಡಿಸುತ್ತಾನೆ. ಪರೀಕ್ಷೆಯೆಂದರೇನೆಂದು ಅವನಿಗೆ ಗೊತ್ತಿಲ್ಲ. ಒಡೆಯನ ದನಿಯ ಏರಿಳಿತ, ಹಗ್ಗದ ಸಣ್ಣ ಎಳೆತ ಮಾತ್ರ ಚೆನ್ನಾಗಿ ಗೊತ್ತು. ಅರ್ಥವಾಗದೆ ಎಲ್ಲಕ್ಕೂ ಹೂಂಗುಟ್ಟುವವರನ್ನು ‘ಕೋಲೆ ಬಸವ’ ಎಂದು ಹಂಗಿಸುವುದು ಇದರಿಂದಲೇ.

ಥಾಯ್ಲೆಂಡಿನ ಆನೆಗಳು ಚಿತ್ರ ಬರೆಯುವುದೂ ಹೆಚ್ಚುಕಡಿಮೆ ಹೀಗೆಯೇ. ಸೊಂಡಿಲಲ್ಲಿ ಕುಂಚ ಹಿಡಿದ ಆನೆ ಹೂಗಿಡವನ್ನೋ ಇನ್ನೊಂದು ಆನೆಯನ್ನೋ ಬಿಡಿಸುವುದನ್ನು ಕಂಡು ಪ್ರವಾಸಿಗರು ಬೆರಗಾಗುತ್ತಾರೆ. ಪಕ್ಕದಲ್ಲಿ ನಿಂತ ಮಾವುತನ ಕೈಯನ್ನು ಗಮನಿಸುವವರು ಕಡಿಮೆ. ಅವನು ಕಿವಿ ಜಗ್ಗಿದತ್ತ ಗೆರೆ ಓಡುತ್ತದೆ. ಕುಂಚ ನಡೆಸುವ ಜಾಣ್ಮೆ ಆನೆಯದು, ಚಿತ್ರ ಮಾವುತನದು. ಈ ವಿದ್ಯೆ ಕಲಿಸಲು ಆನೆಗಳನ್ನು ಹಿಂಸಿಸಲಾಗುತ್ತದೆ ಎಂಬ ದೂರುಗಳೂ ಇವೆ.

ಹಾಗಾದರೆ, ಯಾರೂ ಕಿವಿ ಹಿಡಿಯದಿದ್ದರೆ ಪ್ರಾಣಿಗಳು ಏನು ಬರೆಯುತ್ತವೆ? ಬ್ರಿಟನ್ನಿನ ಪ್ರಾಣಿವಿಜ್ಞಾನಿ ಡೆಸ್ಮಂಡ್ ಮಾರಿಸ್ 1950ರ ದಶಕದಲ್ಲಿ ಕಾಂಗೋ ಎಂಬ ಚಿಂಪಾಂಜಿಗೆ ಬಣ್ಣ, ಕಾಗದ ಕೊಟ್ಟು ನೋಡಿದರು. ಅದು ಸುಮಾರು 400 ಚಿತ್ರ ಬರೆಯಿತು. 1957ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನವೂ ನಡೆಯಿತು. ಬೀಸಣಿಗೆಯಂತೆ ಹರಡುವ ಗೆರೆಗಳು ಕಾಂಗೋಗೆ ಬಲು ಇಷ್ಟ. ಕಾಗದದ ಒಂದು ಪಕ್ಕದಲ್ಲಿ ಚೌಕ ಬರೆದುಕೊಟ್ಟರೆ ಇನ್ನೊಂದು ಪಕ್ಕದಲ್ಲಿ ಗೀಚಿ ಸರಿದೂಗಿಸುವುದೂ ಇತ್ತು. ಆದರೆ ಗುರುತು ಹಿಡಿಯಬಹುದಾದ ಒಂದು ಬಾಳೆಹಣ್ಣನ್ನೂ ಅದು ಬರೆಯಲಿಲ್ಲ.

ಇದಕ್ಕೆ ಕಾರಣವೇನೆಂದು ತಿಳಿಯಲು ನೆರವಾದದ್ದು ಜಪಾನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಸರಳ ಪ್ರಯೋಗ. ಒಂದು ಕಣ್ಣಿಲ್ಲದ ಮುಖದ ಚಿತ್ರವನ್ನು ಅವರು ಚಿಂಪಾಂಜಿಗಳಿಗೂ ಪುಟ್ಟ ಮಕ್ಕಳಿಗೂ ಕೊಟ್ಟರು. ಚಿಂಪಾಂಜಿಗಳು ಇದ್ದ ಗೆರೆಗಳ ಮೇಲೆಯೇ ತೀಡಿದವು. ಕೆಲವು ಅಚ್ಚುಕಟ್ಟಾಗಿಯೇ ತೀಡಿದವು. ಸುಮಾರು ಎರಡೂವರೆ ವರ್ಷ ದಾಟಿದ ಮಕ್ಕಳು ಮಾತ್ರ ಇಲ್ಲದ ಕಣ್ಣನ್ನು ಬರೆದು ಸೇರಿಸಿದರು. ಚಿಂಪಾಂಜಿ ಕಂಡದ್ದು ಇದ್ದ ಗೆರೆಯನ್ನು. ಮಗು ಕಂಡದ್ದು ಇಲ್ಲದ ಕಣ್ಣನ್ನು. ಚಿತ್ರವೆಂದರೆ ಬೇರೊಂದು ವಸ್ತುವಿನ ಗುರುತು ಎಂಬ ತಿಳಿವಳಿಕೆ ಹುಟ್ಟುವುದು ಅಲ್ಲಿಯೇ.

ತಾಯ್ತಂದೆಯರಿಗೂ ಇದರಲ್ಲೊಂದು ಮಾತಿದೆ. ಮನೆಯ ಪುಟ್ಟ ಮಗು ನಾಲ್ಕು ಸುತ್ತು ಗೀಚಿ ‘ಇದು ಅಜ್ಜಿ’ ಎಂದರೆ ನಗಬೇಡಿ. ಕೈಹಿಡಿದು ತಿದ್ದಲೂ ಹೋಗಬೇಡಿ. ಆನೆಯ ಹೂಗಿಡ ಅದಕ್ಕಿಂತ ಅಂದವಾಗಿರಬಹುದು. ಆದರೆ ತಾನು ಬರೆದದ್ದು ಯಾರನ್ನು ಎಂದು ಬಲ್ಲದ್ದು ಆ ಮಗು.