ಕೆರೆ ‘ಸರೋವರ’ವಾದರೆ ಪ್ರಬಂಧ ಸ್ವಂತದ್ದಾಗದು

ಕಾಲೇಜೊಂದರ ಪ್ರಬಂಧ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ ಕೆರೆಗಳ ಸಂರಕ್ಷಣೆ. ಮೂರನೆಯ ಪ್ರಬಂಧದಲ್ಲಿ ‘ಕೆರೆಗಳ ಒತ್ತುವರಿಯಿಂದ ಅಂತರ್ಜಲ ಕುಸಿದಿದೆ’ ಎಂದಿತ್ತು. ಏಳನೆಯದರಲ್ಲಿ ಅದೇ ಜಾಗದಲ್ಲಿ ‘ಸರೋವರಗಳ ಅತಿಕ್ರಮಣದಿಂದ ಭೂಗರ್ಭಜಲ ಇಳಿದಿದೆ’. ಮುಂದಿನ ಎರಡು ಪುಟವೂ ಹೀಗೇ ಜೋಡಿಜೋಡಿಯಾಗಿ ಸಾಗಿತು. ಏಳನೆಯದನ್ನು ಬರೆದ ಹುಡುಗನನ್ನು ಕರೆದು ಕೇಳಿದೆ. ‘ವೆಬ್‌ಸೈಟಿಂದ ತಗೊಂಡಿದ್ದು ನಿಜ, ಆದ್ರೆ ಪದ ಎಲ್ಲ ಬದಲಾಯಿಸಿದ್ದೀನಲ್ಲ ಸಾರ್’ ಅಂದ. ಅವನ ಮುಖದಲ್ಲಿ ಕಳ್ಳತನವಿರಲಿಲ್ಲ, ನಿಜವಾದ ಗೊಂದಲವಿತ್ತು. ಅವನೂರಿನಲ್ಲಿ ಕೆರೆಗೆ ಸರೋವರ ಅನ್ನುವವರು ಒಬ್ಬರೂ ಇರಲಿಕ್ಕಿಲ್ಲ.

ಬರಹ, ಭಾಷಣಗಳ ಬಗ್ಗೆ ವಿದ್ಯಾರ್ಥಿಗಳಲ್ಲಿರುವ ತಪ್ಪು ನಂಬಿಕೆಗಳಲ್ಲಿ, ಪದ ಬದಲಿಸಿದರೆ ಬರಹ ತನ್ನದಾಗುತ್ತದೆ ಎಂಬುದು ಎಲ್ಲಕ್ಕಿಂತ ಗಟ್ಟಿ. ವಾದದ ಎಲುಬುಗೂಡು, ಉದಾಹರಣೆಗಳ ಸಾಲು ಬೇರೆಯವರದ್ದಾಗಿದ್ದರೆ ಮೇಲಿನ ಅಂಗಿ ಯಾವುದಾದರೇನು, ಅದು ನಕಲೇ. ಸ್ವಂತದ್ದು ಹೀಗಿರಬಹುದಿತ್ತು: ‘ನಮ್ಮೂರ ಕೆರೆಯಂಗಳದಲ್ಲಿ ಸೈಟು ಮಾಡಿದ ಮೇಲೆ ನಮ್ಮ ಬೋರ್‌ವೆಲ್ ಬತ್ತಿತು, ಇಂಥ ಪುಸ್ತಕದಲ್ಲಿ ಇಂಥವರು ಕೊಡುವ ಕಾರಣ ಇದಕ್ಕೂ ಹೊಂದುತ್ತದೆ.’ ಓದಿದ್ದನ್ನು ಮುಚ್ಚಿಟ್ಟು, ತಿಳಿದಷ್ಟನ್ನು ಪಕ್ಕದ ಮನೆಯವರಿಗೆ ಹೇಳುವಂತೆ ಬರೆದು, ಆಮೇಲೆ ಪುಸ್ತಕ ತೆರೆದು ತಾಳೆ ನೋಡಿ. ಮುಚ್ಚಿದ ಮೇಲೆ ಏನೂ ಬರೆಯಲಾಗದಿದ್ದರೆ ಓದಿದ್ದು ಅರ್ಥವಾಗಿಲ್ಲ ಎಂದು ಲೆಕ್ಕ.

‘ಮೂಲ ಹೇಳಿಬಿಟ್ಟರೆ ನಮ್ಮದು ಅಂತ ಏನುಳಿಯಿತು?’ ಎಂದು ಕೇಳುವವರಿದ್ದಾರೆ. ಕುಮಾರವ್ಯಾಸ ತನ್ನ ಹೆಚ್ಚುಗಾರಿಕೆಗಳನ್ನು ಹೇಳಿಕೊಳ್ಳುವಾಗ, ಬೇರೆಯವರ ರೀತಿಯನ್ನು ತೆಗೆದುಕೊಳ್ಳದಿರುವುದನ್ನೂ ಪಟ್ಟಿಗೆ ಸೇರಿಸುತ್ತಾನೆ. ಆದರೆ ಅವನ ಕಥೆ ವ್ಯಾಸರದು, ಅದನ್ನವನು ಬಚ್ಚಿಡಲೂ ಇಲ್ಲ. ಬಿ.ಎಂ. ಶ್ರೀಕಂಠಯ್ಯನವರಂತೂ ತಮ್ಮ ಕವನ ಸಂಕಲನಕ್ಕೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟರು. ಮೂಲ ಎಲ್ಲಿಯದೆಂದು ಮುಖಪುಟವೇ ಸಾರುತ್ತಿತ್ತು. ಹೊಸಗನ್ನಡ ಕಾವ್ಯದ ದಾರಿ ತೆರೆದದ್ದೂ ಅದೇ ಪುಸ್ತಕ. ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದರೆ ನಕಲು ಪತ್ತೆಹಚ್ಚುವ ಸಾಫ್ಟ್‌ವೇರ್ ಹಿಡಿಯುವುದಿಲ್ಲ ಎಂದು ಧೈರ್ಯವಾಗಿರುವವರು ಇದನ್ನು ನೆನೆಯಬೇಕು. ಹಿಡಿಯದೆಯೂ ಇರಬಹುದು. ಅನುವಾದ ಅನುವಾದವೇ, ಹಾಗೆಂದು ಹೇಳಿದರೆ ಗೌರವ, ಮುಚ್ಚಿಟ್ಟರೆ ಕಳವು.

ಮೂಲ ಹೇಳುವುದೆಂದರೆ ಕೊನೆಯಲ್ಲಿ ‘ಕೃಪೆ: ಅಂತರ್ಜಾಲ’ ಎಂದು ಬರೆಯುವುದೂ ಅಲ್ಲ. ಅಂಚೆ ಲಕೋಟೆಯ ಮೇಲೆ ವಿಳಾಸದ ಜಾಗದಲ್ಲಿ ‘ಕರ್ನಾಟಕ’ ಎಂದಷ್ಟೇ ಬರೆದಂತಾಯಿತು ಅದು. ಯಾರು ಬರೆದದ್ದು, ಯಾವ ಪುಸ್ತಕ ಅಥವಾ ಪತ್ರಿಕೆ, ಯಾವ ವರ್ಷ, ಎಷ್ಟನೇ ಪುಟ: ಓದುಗ ಹೋಗಿ ಬಾಗಿಲು ತಟ್ಟುವಂತಿರಬೇಕು.

ಇನ್ನು ಕ್ಯಾಂಟೀನಿನಲ್ಲಿ ಕೇಳಿಬರುವ ಕಾನೂನು: ‘ಹತ್ತು ಪರ್ಸೆಂಟ್ ತನಕ ಕಾಪಿ ಹೊಡೀಬಹುದಂತೆ.’ ಈ ‘ಅಂತೆ’ಯ ಬೇರು ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿಯಲ್ಲಿದೆ. ಸಂಶೋಧನಾ ಮಹಾಪ್ರಬಂಧದಲ್ಲಿ ಹೋಲಿಕೆ ಶೇ 10ರೊಳಗಿದ್ದರೆ ದಂಡನೆಯಿಲ್ಲ. ಶೇ 40ರವರೆಗೆ ಇದ್ದರೆ ಗರಿಷ್ಠ 6 ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 60ರವರೆಗೆ ಹೋದರೆ 1 ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಮೂಲ ತೋರಿಸಿ ಉದ್ಧರಿಸಿದ ಭಾಗವನ್ನು ಈ ಲೆಕ್ಕದಿಂದ ಬಿಟ್ಟಿದ್ದಾರೆ. ಸಣ್ಣಪುಟ್ಟ ಹೋಲಿಕೆಗಳಿಗೆಂದು ಬಿಟ್ಟ ಜಾಗವನ್ನು ಕದಿಯಲು ಕೊಟ್ಟ ಕೋಟಾ ಎಂದು ಓದಿಕೊಂಡರೆ ಹೇಗೆ? ತಮಾಷೆಯೆಂದರೆ ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಪ್ರಬಂಧ, ಉತ್ತರಪತ್ರಿಕೆಗಳನ್ನು ಆ ನಿಯಮಾವಳಿ ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಡಿಗ್ರಿ ಹುಡುಗರು ತಮಗೆ ಅನ್ವಯಿಸದ ನಿಯಮದಿಂದ, ಅದರಲ್ಲಿ ಇಲ್ಲದ ರಿಯಾಯಿತಿಯನ್ನು ಪಡೆಯುತ್ತಿದ್ದಾರೆ!

ಚಾಟ್‌ಜಿಪಿಟಿ ಕೊಟ್ಟ ಆಧಾರ ನಿಜವೇ ಇರುತ್ತದೆ ಎಂಬುದು ಹೊಸ ನಂಬಿಕೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅದು ಹೇಳಿದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಕೊಟ್ಟರು. ಅಂಥ ಮೊಕದ್ದಮೆಗಳೇ ನಡೆದಿರಲಿಲ್ಲ. ದಂಡ 5,000 ಡಾಲರ್.

ಭಾಷಣಕ್ಕೆ ಬರೋಣ. ಬಾಯಿಪಾಠ ಮಾಡಿದರೆ ಭಯವಿಲ್ಲ ಎಂದು ನಾನೂ ನಂಬಿದ್ದೆ. ಮೊದಲ ಚರ್ಚಾಸ್ಪರ್ಧೆಯಲ್ಲಿ ‘ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ’ ಎಂದು ಶುರುಮಾಡಿದೆ, ಎರಡನೇ ಪ್ಯಾರಾದ ಒಂದು ಪದ ಮರೆತಿತು, ಅದರ ಹಿಂದೆಯೇ ಉಳಿದದ್ದೆಲ್ಲ ಹೋಯಿತು. ಬಾಯಿಪಾಠ ರೈಲಿನ ಬೋಗಿಗಳ ಹಾಗೆ, ಒಂದು ಕೊಂಡಿ ಕಳಚಿದರೆ ಹಿಂದಿನದೆಲ್ಲ ಅಲ್ಲೇ ನಿಲ್ಲುತ್ತದೆ. ಮೊದಲ ವಾಕ್ಯ, ಕೊನೆಯ ವಾಕ್ಯ, ನಡುವೆ ನಾಲ್ಕು ಅಂಶ ಚೀಟಿಯಲ್ಲಿದ್ದರೆ ಸಾಕು. ಮಾತು ಆ ಹೊತ್ತಿಗೆ ಹುಟ್ಟಲಿ.

‘ನನ್ನ ನಡುಕ ಎಲ್ಲರಿಗೂ ಕಾಣುತ್ತದೆ’ ಎಂಬ ಭಯವೂ ಅಷ್ಟು ನಿಜವಲ್ಲ. ಕೆನೆತ್ ಸಾವಿಟ್ಸ್‌ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣ ಮಾಡಿದ ವಿದ್ಯಾರ್ಥಿಗಳು ತಾವು ಎಷ್ಟು ಅಳುಕಿದಂತೆ ಕಾಣುತ್ತೇವೆಂದು ಭಾವಿಸಿದ್ದರೋ ಕೇಳುಗರಿಗೆ ಅಷ್ಟು ಕಂಡಿರಲಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿಸಿದವರು ಇನ್ನೂ ಚೆನ್ನಾಗಿ ಮಾತಾಡಿದರು. ಔಷಧಿಯಲ್ಲ, ಬರೀ ಮಾಹಿತಿ!

ಕೊನೆಗೆ, ವ್ಯಕ್ತಿತ್ವ ವಿಕಸನ ಕಾರ್ಯಾಗಾರಗಳ ಪ್ರೀತಿಯ ಸ್ಲೈಡು: ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ 7, ದನಿ 38, ಮುಖ ಮತ್ತು ಹಾವಭಾವ 55. ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದ ಅಂಕಿಗಳಿವು. ಅಲ್ಲಿ ಭಾಷಣವೇ ಇರಲಿಲ್ಲ. ಒಂಟಿ ಪದಗಳನ್ನು ಬೇರೆಬೇರೆ ದನಿಯಲ್ಲಿ ಕೇಳಿಸಿ, ಒಂದು ಪ್ರಯೋಗದಲ್ಲಿ ಮುಖದ ಫೋಟೋವನ್ನೂ ತೋರಿಸಿ, ಹೇಳಿದವರಿಗೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸಲು ಹೇಳಿದ್ದರು. ಇಷ್ಟಾನಿಷ್ಟಗಳ ವಿಷಯ ಬಿಟ್ಟು ಬೇರೆಡೆ ಈ ಲೆಕ್ಕ ಹೊಂದದು ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಮೂಲ ಓದದೆ ಸ್ಲೈಡಿನಿಂದ ಸ್ಲೈಡಿಗೆ ನಕಲಾಗುತ್ತಾ ಅಂಕಿ ಮಾತ್ರ ಉಳಿದುಕೊಂಡಿತು. ಮುಂದಿನ ಸಲ ನಿಮ್ಮ ಕಾಲೇಜಿನಲ್ಲಿ ಯಾರಾದರೂ ಈ ಸ್ಲೈಡು ತೋರಿಸಿದರೆ ಎದ್ದು ನಿಂತು, ವಿನಯದಿಂದಲೇ, ಅದನ್ನು ಎಲ್ಲಿಂದ ತಂದಿರಿ ಎಂದು ಕೇಳಿ.