ಅಮ್ಮನಿಗೆ ಬಿಸಿಲು ಆಗದು

ರಾಗಿ ಹೊಲದಲ್ಲೇ ಬದುಕು ಸವೆಸಿದ ನಮ್ಮಮ್ಮನಿಗೆ ಬಿಸಿಲೇ ಆಗದು ಎಂದರೆ ಅಂಚೆಟ್ಟಿಯಲ್ಲಿ ಯಾರು ನಂಬುತ್ತಾರೆ? ಕೀಲುನೋವು, ಕೆನ್ನೆ ಮೇಲೆ ಕೆಂಪು, ಬಿಡದ ಸುಸ್ತು. ವಯಸ್ಸಾಯಿತು ಎಂದು ನಾವೇ ಎರಡು ವರ್ಷ ಕಳೆದೆವು. ಕೊನೆಗೆ ಬೆಂಗಳೂರಿನ ವೈದ್ಯರು ರಕ್ತ, ಮೂತ್ರ ನೋಡಿ ‘ಲೂಪಸ್’ ಎಂದರು. ಲ್ಯಾಟಿನ್‌ನಲ್ಲಿ ತೋಳ ಎಂದರ್ಥ. ನಮ್ಮ ತೆಲುಗಿನ ತೋಡೇಲು. ಮೈ ಕಾಯಬೇಕಾದ ಶಕ್ತಿಯೇ ಮೈಯನ್ನು ಕಚ್ಚುವ ರೋಗ. ಅಂಟುವುದಿಲ್ಲ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ಮಲೇರಿಯಾಕ್ಕೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಇದಕ್ಕೂ ದಿನದ ಮಾತ್ರೆ. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ಅದೇ ಮದ್ದು ಎಂಬ ಸುದ್ದಿ ಹಬ್ಬಿತು. ಮೆಡಿಕಲ್ ಅಂಗಡಿಯಲ್ಲಿ ಮಾತ್ರೆ ಖಾಲಿ. ಲಾಕ್‌ಡೌನ್, ಬೆಂಗಳೂರಿಗೆ ಹೋಗುವಂತಿಲ್ಲ. “ಅರ್ಧ ಅರ್ಧ ನುಂಗ್ತೀನಿ ಬಿಡಪ್ಪ” ಅಂದಳು ಅಮ್ಮ. ಬೇಡಮ್ಮ ಎಂದು, ಹೊಸೂರಿಗೆ ತರಕಾರಿ ಸಾಗಿಸುವ ವ್ಯಾಪಾರಿಯ ಕೈಗೆ ವೈದ್ಯರ ಚೀಟಿ ಕೊಟ್ಟೆ. ಟೊಮೆಟೊ ಇಳಿಸಿ ಬರುವಾಗ ಮೂರು ಪಟ್ಟಿ ತಂದ. ಅಸಲಿಗಿಂತ ಒಂದು ಕಾಸು ಹೆಚ್ಚು ಮುಟ್ಟಲಿಲ್ಲ.

ಈಗ ಅಮ್ಮ ಹೊಲಕ್ಕೆ ಬರುವುದು ಹೊತ್ತು ಇಳಿದ ಮೇಲೆ, ಸೆರಗು ಹೊದ್ದು. ಮೂತ್ರದ ಪರೀಕ್ಷೆ ತಪ್ಪಿಸುವುದಿಲ್ಲ. ಮೂತ್ರಪಿಂಡಕ್ಕೆ ಈ ತೋಳ ಸದ್ದಿಲ್ಲದೆ ಬರುತ್ತದೆ. ಮಾತ್ರೆಯ ಕಾರಣಕ್ಕೆ ವರ್ಷಕ್ಕೊಮ್ಮೆ ಕಣ್ಣನ್ನೂ ತೋರಿಸುತ್ತೇವೆ. ಮನೆಯ ಹೆಂಗಸು ಸುಸ್ತು ಎಂದರೆ, ವಯಸ್ಸಾಯಿತು ಎನ್ನುವ ಮುಂಚೆ ಒಮ್ಮೆ ವೈದ್ಯರಿಗೆ ತೋರಿಸಿ, ಸ್ವಾಮಿ.